ನಗರಪಾಲಿಕೆಯ ಕಾರ್ಯಸೂಚಿಯೂ ನಮ್ಮ ಹೊಣೆಯೂ

ನಗರಪಾಲಿಕೆಯ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಆಸಕ್ತಿಯಿಂದ ಓದುವವರು ವಿರಳ. ಹಿಂದಿನ ಸಭೆಯ ನಡವಳಿಗಳ ದೃಢೀಕರಣ, ಯಾವುದೋ ವಾರ್ಡಿನ ಚರಂಡಿಗೆ ಚಪ್ಪಡಿ ಹಾಸುವ ಕಾಮಗಾರಿ, ಮಾರುಕಟ್ಟೆಯ ಮಳಿಗೆಗಳ ಹರಾಜು, ಬೀದಿದೀಪಗಳ ನಿರ್ವಹಣೆಯ ಟೆಂಡರು, ಸ್ಮಶಾನದ ಆವರಣ ಗೋಡೆ: ಇವೇ ಅದರ ವಿಷಯಗಳು. ವಿಧಾನಸಭೆಯ ಕಲಾಪಕ್ಕಿರುವ ಗಾಂಭೀರ್ಯವಾಗಲಿ ಸಂಸತ್ತಿನ ವಾಗ್ವಾದಕ್ಕಿರುವ ಆಕರ್ಷಣೆಯಾಗಲಿ ಅದಕ್ಕಿಲ್ಲ. ಆದರೂ ಬೆಳಗಿನ ನಲ್ಲಿ ನೀರಿನಿಂದ ರಾತ್ರಿಯ ಬೀದಿದೀಪದವರೆಗೆ, ಜನನದ ನೋಂದಣಿಯಿಂದ ಅಂತ್ಯಸಂಸ್ಕಾರದ ನೆಲದವರೆಗೆ ನಮ್ಮ ಬದುಕನ್ನು ಮುಟ್ಟುವುದು ಈ ನೀರಸ ಪಟ್ಟಿಯೇ ಎಂಬುದನ್ನು ನಾವು ಮನಗಾಣಬೇಕು.

ಇದು ಕ್ಷುಲ್ಲಕ ವಿಷಯವಲ್ಲವೆಂಬುದಕ್ಕೆ ನಮ್ಮ ನಾಡಿನ ಇತಿಹಾಸವೇ ಸಾಕ್ಷಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಎರಗಿದ ತರುವಾಯವೇ ಗಾಳಿ ಬೆಳಕುಗಳಿಗೆ ಅವಕಾಶವಿರುವ ಬಸವನಗುಡಿ, ಮಲ್ಲೇಶ್ವರದಂತಹ ಬಡಾವಣೆಗಳು ಬೆಳೆದವು. ಚರಂಡಿಯನ್ನು ಅಲಕ್ಷಿಸಿದುದರ ಬೆಲೆಯನ್ನು ಅಂದಿನ ಜನರು ಪ್ರಾಣದಿಂದ ತೆತ್ತಿದ್ದರು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಅನಿಷ್ಟ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಲು ಕಾರಣರಾದರು. ಅದು ಪೌರಾಡಳಿತಕ್ಕೆ ಸೇರಿದ ಕ್ರಮವಾಗಿತ್ತು. ಆದರೆ ಅದರ ತಿರುಳು ಮನುಷ್ಯನ ಘನತೆಯಾಗಿತ್ತು.

ಈ ಸತ್ಯವನ್ನರಿತೇ ನಮ್ಮ ಸಂವಿಧಾನಕ್ಕೆ 74ನೆಯ ತಿದ್ದುಪಡಿ ಮಾಡಲಾಯಿತು. 1993ರ ಜೂನ್ 1ರಂದು ಜಾರಿಗೆ ಬಂದ ಈ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿ, ನಗರಗಳ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿಮಾಡಿತು. ನೀರು ಸರಬರಾಜು, ಸಾರ್ವಜನಿಕ ಆರೋಗ್ಯ, ಕೊಳೆಗೇರಿಗಳ ಸುಧಾರಣೆ, ಸ್ಮಶಾನಗಳು, ಬೀದಿದೀಪ ಎಲ್ಲವೂ ಅದರಲ್ಲಿವೆ. ಪರಿಶಿಷ್ಟರಿಗೆ ಅವರ ಜನಸಂಖ್ಯೆಗನುಗುಣವಾಗಿ, ಮಹಿಳೆಯರಿಗೆ ಮೂರರಲ್ಲಿ ಒಂದಕ್ಕೆ ಕಡಿಮೆಯಾಗದಂತೆ ಸ್ಥಾನಗಳನ್ನು ಮೀಸಲಿರಿಸಿತು. ಐದು ವರ್ಷಗಳ ಅವಧಿ ಮುಗಿಯುವ ಮುನ್ನವೇ ಹೊಸ ಚುನಾವಣೆ ನಡೆಯತಕ್ಕದ್ದೆಂದೂ ವಿಧಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ ಈ ವಿಧಿಯ ಕಡ್ಡಾಯ ಸ್ವರೂಪವನ್ನು ಎತ್ತಿಹಿಡಿಯಿತು.

ನಡೆದುದೇನು? ಬೆಂಗಳೂರಿನ ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಚುನಾವಣೆಯಿಲ್ಲದೆಯೇ ಐದು ವರ್ಷಗಳು ಉರುಳಿ, 2025ರಲ್ಲಿ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ಒಡೆಯಿತು. ಮೈಸೂರು ಪಾಲಿಕೆಯ ಅವಧಿ 2023ರ ನವೆಂಬರಿನಲ್ಲೂ ಮಂಗಳೂರಿನದು 2025ರ ಫೆಬ್ರವರಿಯಲ್ಲೂ ಕೊನೆಗೊಂಡಾಗ ಅಲ್ಲಿಯೂ ಚುನಾವಣೆ ಸಕಾಲಕ್ಕೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಐದು ವರ್ಷವೆಂದರೆ ಒಂದು ಪಾಲಿಕೆಯ ಪೂರ್ಣ ಆಯುಸ್ಸು.

"ಅಧಿಕಾರಿಗಳ ಆಡಳಿತದಲ್ಲಿ ಗದ್ದಲವಿಲ್ಲ, ಕೆಲಸ ಸುಸೂತ್ರವಾಗಿ ಸಾಗುತ್ತದೆ" ಎನ್ನುವವರು ನಮ್ಮಲ್ಲಿದ್ದಾರೆ. ಪಾಲಿಕೆಗಳ ಸಭೆಗಳಲ್ಲಿ ನಡೆಯುವ ಕೂಗಾಟ, ಗುತ್ತಿಗೆಗಳ ಸುತ್ತ ಹೆಣೆದುಕೊಳ್ಳುವ ಸ್ವಾರ್ಥ, ಪಕ್ಷಗಳ ಪೈಪೋಟಿ ಇವನ್ನು ಕಂಡವರಿಗೆ ಹಾಗೆನಿಸುವುದು ಸಹಜ. ನಿಷ್ಠಾವಂತ ಅಧಿಕಾರಿಯೊಬ್ಬರು ನಗರವನ್ನು ಚೊಕ್ಕಟವಾಗಿ ಇಡಬಲ್ಲರೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ದಕ್ಷತೆ ಬೇರೆ, ಉತ್ತರದಾಯಿತ್ವ ಬೇರೆ. ಕೊಳೆಗೇರಿಯ ವಿಧವೆಯೊಬ್ಬಳ ಮನೆಯ ಮುಂದಿನ ದೀಪ ಕೆಟ್ಟಿದೆ ಎನ್ನೋಣ. ಆಕೆ ಕಚೇರಿಗೆ ಅರ್ಜಿ ಕೊಡಬಹುದು. ಅದು ಕಡತದೊಳಗೆ ಸೇರುತ್ತದೆ. ಅವಳ ವಾರ್ಡಿನ ಸದಸ್ಯೆಯು ಅದೇ ಮಾತನ್ನು ಸಭೆಯಲ್ಲಿ ಎತ್ತಿದರೆ ಅದು ನಡವಳಿಯಲ್ಲಿ ದಾಖಲಾಗುತ್ತದೆ, ಪತ್ರಿಕೆಯವರ ಕಿವಿಗೆ ಬೀಳುತ್ತದೆ, ಆಯುಕ್ತರು ಉತ್ತರಿಸಬೇಕಾಗುತ್ತದೆ. ಅರ್ಜಿಯಲ್ಲಿ ಆಕೆ ಬೇಡುವವಳು. ಸಭೆಯಲ್ಲಿ ಆಕೆ ಹಕ್ಕುಳ್ಳವಳು. ಸಭಾಂಗಣಕ್ಕೆ ಬೀಗ ಬಿದ್ದಾಗ ಪ್ರಭಾವಿಗಳಿಗೆ ನಷ್ಟವಿಲ್ಲ, ಅವರಿಗೆ ಬೇರೆ ಬಾಗಿಲುಗಳು ತೆರೆದೇ ಇರುತ್ತವೆ. ನಷ್ಟವಾಗುವುದು ಆ ಒಂದೇ ಬಾಗಿಲನ್ನು ನಂಬಿದವರಿಗೆ.

ಮನುಷ್ಯನು ಸ್ವಭಾವತಃ ನಗರಜೀವಿಯೆಂದು ಅರಿಸ್ಟಾಟಲನು ಬಗೆದಾಗ ಆತನ ಮನಸ್ಸಿನಲ್ಲಿದ್ದುದು ಬರಿಯ ಜನಸಂದಣಿಯಲ್ಲ. ಒಟ್ಟಿಗೆ ಮೇಯುವುದು ದನಗಳಿಗೂ ಸಾಧ್ಯ. ನ್ಯಾಯಾನ್ಯಾಯಗಳನ್ನು ಕುರಿತು ಕೂಡಿ ಮಾತನಾಡಬಲ್ಲ ಶಕ್ತಿಯೇ ಮನುಷ್ಯರ ಗುಂಪನ್ನು ನಗರವನ್ನಾಗಿಸುತ್ತದೆ ಎಂಬುದು ಆತನ ಚಿಂತನೆಯ ಸಾರ. ಹಾಗಾದರೆ ಮಾತಿನ ಮನೆಯನ್ನೇ ಮುಚ್ಚಿದ ಊರು, ರಸ್ತೆಗಳೆಷ್ಟೇ ನುಣುಪಾಗಿದ್ದರೂ, ಎಷ್ಟರ ಮಟ್ಟಿಗೆ ನಗರವಾದೀತು?

ದೋಷವನ್ನೆಲ್ಲ ಸರಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದೂ ಸಲ್ಲದು. 2015ರ ಬೆಂಗಳೂರು ಪಾಲಿಕೆ ಚುನಾವಣೆಯಲ್ಲಿ ಮತದಾರರ ಪೈಕಿ ಅರ್ಧದಷ್ಟು ಮಂದಿಯೂ ಮತಗಟ್ಟೆಗೆ ಹೋಗಲಿಲ್ಲ. ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡರೆ ಪರಿಚಯದವರ ಶಿಫಾರಸು ಹಿಡಿದು ಅದನ್ನಷ್ಟೇ ಸರಿಪಡಿಸಿಕೊಂಡು ನಾವು ತೃಪ್ತರಾಗುತ್ತೇವೆ. ಮುಂದಿನ ಬೀದಿಯ ಚರಂಡಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಾರ್ವಜನಿಕ ಹಿತವು ಖಾಸಗಿ ಉಪಕಾರಗಳ ಮೊತ್ತವಲ್ಲವೆಂಬುದನ್ನು ಮರೆತವರು ಚುನಾಯಿತ ಪಾಲಿಕೆಯಿಲ್ಲದಿದ್ದರೂ ಅದರ ಕೊರತೆಯನ್ನು ಅನುಭವಿಸಲಾರರು.

ಆದುದರಿಂದ ನಮ್ಮ ಓದುಗರಲ್ಲಿ ನಾವು ವಿನಂತಿಸುವುದಿಷ್ಟೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ನೋಡಿಕೊಳ್ಳಿರಿ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನವೇ ಹೇಳಿದೆ; ನಿಮ್ಮಲ್ಲಿ ಅದು ಸೇರುತ್ತದೆಯೇ ಎಂದು ವಿಚಾರಿಸಿರಿ, ಸೇರಿದರೆ ಹೋಗಿ ಕುಳಿತುಕೊಳ್ಳಿರಿ. ಅಲ್ಲಿ ಮೊದಲ ಮಾತು ನಿಮ್ಮ ಮನೆಯ ನಲ್ಲಿಯ ಬಗ್ಗೆ ಆಗದಿರಲಿ, ಮಾತನಾಡಲು ಅಂಜುವ ನೆರೆಯವರ ನಲ್ಲಿಯ ಬಗ್ಗೆ ಆಗಲಿ. ನಗರವನ್ನು ಕಟ್ಟುವ ಕೆಲಸ ಅಲ್ಲಿಂದ ಆರಂಭವಾಗುತ್ತದೆ.