ಗಾಣದ ಮನೆಯ ಹೆಸರು: ಕೇಂದ್ರ ಸಚಿವರಿಗೊಂದು ಬಹಿರಂಗ ಪತ್ರ

ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಾದ ಮಾನ್ಯ ಪ್ರಲ್ಹಾದ ಜೋಶಿ ಅವರಿಗೆ,



ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಎಣ್ಣೆ ಗಾಣವಿದೆ. ಸುತ್ತಲಿನ ತೋಟಗಳ ಕೊಬ್ಬರಿಯಿಂದ ಎಣ್ಣೆ ತೆಗೆದು, ಅಪ್ಪ ಇಟ್ಟ ಹೆಸರಿನಲ್ಲೇ ಹಾಸನ, ಹೊಳೆನರಸೀಪುರ, ಅರಕಲಗೂಡಿನ ಅಂಗಡಿಗಳಿಗೆ ಕೊಡುತ್ತ ಬಂದಿದ್ದೇವೆ. ಈಚೆಗೆ ಹೊಳೆನರಸೀಪುರದ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ಏನಪ್ಪಾ, ನಿಮ್ಮ ಎಣ್ಣೆಯೂ ಕಮಟು ಹೊಡೆದರೆ ಹೇಗೆ?" ಎಂದರು. ಬೆಂಗಳೂರಿನಲ್ಲಿರುವ ಅವರ ಮಗ ಆನ್‌ಲೈನ್‌ನಲ್ಲಿ ತರಿಸಿದ ಬಾಟಲಿ ಅದು. ಚಿತ್ರ ನಮ್ಮದು, ಹೆಸರು ನಮ್ಮದು. ಒಳಗಿನ ಎಣ್ಣೆ ನಮ್ಮದಲ್ಲ.

ಅದನ್ನು ಮಾರಿದ ಜಾಲತಾಣಕ್ಕೆ ದೂರು ಕೊಟ್ಟೆವು. ಮೊದಲು ಟ್ರೇಡ್‌ಮಾರ್ಕ್ ಸಂಖ್ಯೆ ಕೊಡಿ, ಬ್ರ್ಯಾಂಡ್ ರಕ್ಷಣೆಯ ಯೋಜನೆಗೆ ಸೇರಿಕೊಳ್ಳಿ ಎಂದು ಉತ್ತರ ಬಂತು. ನಮ್ಮಲ್ಲಿದ್ದದ್ದು ಆಹಾರ ಸುರಕ್ಷತಾ ನೋಂದಣಿ ಮತ್ತು ಹಲವು ವರ್ಷಗಳ ಬಿಲ್ ಪುಸ್ತಕ. ಅವು ಲೆಕ್ಕಕ್ಕೆ ಬರಲಿಲ್ಲ.

ಕಾನೂನು ಇಷ್ಟು ಬಿಗಿಯಾಗಿಲ್ಲ. ತಮ್ಮ ಮಾಲನ್ನು ಇನ್ನೊಬ್ಬರದೆಂದು ನಂಬಿಸಿ ಮಾರುವವರ ಮೇಲೆ ನೋಂದಣಿಯಿಲ್ಲದವರೂ ದಾವೆ ಹೂಡುವ ಹಕ್ಕನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 27ನೇ ಕಲಂ ಉಳಿಸಿದೆ. ಆದರೆ ಅದಕ್ಕೆ ಜಿಲ್ಲಾ ನ್ಯಾಯಾಲಯದ ಮೆಟ್ಟಿಲೇ ಹತ್ತಬೇಕು. ಹಾಸನಕ್ಕೆ ಅಲೆದು ತೀರ್ಪು ತರುವಷ್ಟರಲ್ಲಿ ಹೆಸರು ಕೆಟ್ಟಿರುತ್ತದೆ. ಸಣ್ಣ ಉದ್ದಿಮೆಯ ಶುಲ್ಕವಾದ 4,500 ರೂಪಾಯಿ ಕಟ್ಟಿ ಈಗ ನಾವೂ ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದ್ದೇವೆ. ಆದರೆ ನೋಂದಣಿಯೊಂದೇ ಸಾಲದು. ಮನೆಮಾತಾದ ಮೈಸೂರು ಸ್ಯಾಂಡಲ್ ಸೋಪಿನ ನಕಲಿಯೇ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಿಕ್ಕಿತು. ಆ ಸೋಪಿನ ಬೆನ್ನಿಗೆ ರಾಜ್ಯ ಸರ್ಕಾರವಿತ್ತು. ನಮಗಿರುವ ಆಸರೆ ತಮ್ಮ ಇಲಾಖೆಯ ನಿಯಮಗಳು.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಗ್ರಾಹಕರ ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಅದನ್ನು ಪರಿಹರಿಸಬೇಕು. ಆ ನಿಯಮಗಳಲ್ಲಿ ತಯಾರಿಸಿದವರ ದೂರಿಗೆ ಅಂಥ ಗಡುವಿಲ್ಲ. ದಯವಿಟ್ಟು ಎರಡು ಮಾತು ಸೇರಿಸಿ. ಇನ್ನೊಬ್ಬರ ಹೆಸರಿನ ಮಾಲನ್ನು ಮಾರಾಟಕ್ಕಿಡುವವರು ಅದನ್ನು ತಯಾರಕರಿಂದಲೋ ವಿತರಕರಿಂದಲೋ ಕೊಂಡ ಬಿಲ್ ತೋರಿಸಲಿ. ನಿಜವಾಗಿ ಕೊಂಡು ಮಾರುವ ಅಂಗಡಿಯವರಿಗೆ ಇದರಿಂದ ತೊಂದರೆಯಿಲ್ಲ. ಟ್ರೇಡ್‌ಮಾರ್ಕ್ ಇಲ್ಲದಿದ್ದರೂ ಆಹಾರ ನೋಂದಣಿ, ಹಳೆಯ ಬಿಲ್ ತೋರಿಸುವ ತಯಾರಕರ ದೂರಿಗೂ ಅದೇ ಗಡುವು ಇರಲಿ.

ಹೊಳೆನರಸೀಪುರದ ಗಿರಾಕಿಯ ಮನೆಗೆ ನಾವೇ ಹೋಗಿ ಹೊಸ ಎಣ್ಣೆ ಕೊಟ್ಟು ಬಂದೆವು. ಪರಿಚಯದವರಾದ್ದರಿಂದ ಫೋನ್ ಮಾಡಿ ಬೈದರು. ನಮ್ಮ ಮುಖ ಕಾಣದ ಊರಿನವರು ಬೈಯುವುದೂ ಇಲ್ಲ, ಇನ್ನೊಮ್ಮೆ ಕೊಳ್ಳುವುದೂ ಇಲ್ಲ.

ಇತಿ ತಮ್ಮ ವಿಶ್ವಾಸಿ,
ಚನ್ನರಾಯಪಟ್ಟಣದ ಗಾಣದ ಮನೆಯವ