ಕೊನೆಯ ಹದಿಮೂರು ದಿನಗಳ ಕನ್ನಡ



ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಇನ್ನು ಮುಂದೂಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ಮೇ 6ರಂದು ಮಹಾರಾಷ್ಟ್ರಕ್ಕೆ ಹೇಳಿದ ಮೇಲೆ ಸಾಂಗಲಿ, ಮಿರಜದ ಚಹಾದಂಗಡಿಗಳಲ್ಲಿ ಮತ್ತೆ ವಾರ್ಡುಗಳ ಲೆಕ್ಕ ಶುರುವಾಯಿತು. ನಮ್ಮ ಸಾಂಗಲಿ-ಮಿರಜ-ಕುಪವಾಡ ಮಹಾನಗರಪಾಲಿಕೆಗೆ ಅದಕ್ಕೆ ಮೊದಲು ನಾವು ಕೊನೆಯ ಸಲ ಮತ ಹಾಕಿದ್ದು 2018ರ ಆಗಸ್ಟ್‌ನಲ್ಲಿ. ಚುನಾವಣೆ ಬಂದರೆ ಪ್ರಚಾರಕ್ಕೆ ಬರುವವರು ಬರುತ್ತಾರೆ. ಬಂದವರು ಕೊನೆಯ ಎರಡು ವಾರಗಳಲ್ಲಿ ಏನು ಮಾಡುತ್ತಾರೆ, ಅದರಲ್ಲಿ ನಮಗೇನು ಸಿಗುತ್ತದೆ ಎಂದು ತಿಳಿಯಲು 2024ರ ಲೋಕಸಭೆ ಚುನಾವಣೆಗಿಂತ ಒಳ್ಳೆಯ ಪಾಠ ಹತ್ತಿರದಲ್ಲಿ ಬೇರೆ ಇಲ್ಲ.

ಆ ಸಲ ಸಾಂಗಲಿ ಕ್ಷೇತ್ರದ ಮುಖ್ಯ ಅಭ್ಯರ್ಥಿಗಳು ಮೂವರೂ ಪಾಟೀಲರು. ಭಾಜಪದ ಸಂಜಯಕಾಕಾ ಪಾಟೀಲ, ಉದ್ಧವ ಠಾಕ್ರೆಯವರ ಶಿವಸೇನೆಯ ಚಂದ್ರಹಾರ ಪಾಟೀಲ, ಪಕ್ಷೇತರರಾಗಿ ವಿಶಾಲ ಪಾಟೀಲ. ಚಂದ್ರಹಾರ ಅವರು ಎರಡು ಸಲ ಮಹಾರಾಷ್ಟ್ರ ಕೇಸರಿ ಗೆದ್ದ ಪೈಲವಾನರು. ವಿಶಾಲ ಅವರು ವಸಂತದಾದಾ ಪಾಟೀಲರ ಮೊಮ್ಮಗ. 1962ರಿಂದ 2014ರವರೆಗೆ ಕಾಂಗ್ರೆಸ್ಸಿನ ಕೈಯಲ್ಲೇ ಇದ್ದ ಕ್ಷೇತ್ರ ಹಂಚಿಕೆಯಲ್ಲಿ ಮಿತ್ರಪಕ್ಷಕ್ಕೆ ಹೋದಾಗ ಅವರು ಒಬ್ಬರೇ ನಿಂತರು.

ನಾಮಪತ್ರ ಹಿಂದೆಗೆಯುವ ಕೊನೆಯ ದಿನ ಏಪ್ರಿಲ್ 22. ಮತದಾನ ಮೇ 7. ಬಹಿರಂಗ ಪ್ರಚಾರಕ್ಕೆ ಮೇ 5ರ ಸಂಜೆ ತೆರೆ. ಅಂದರೆ ಪಕ್ಷೇತರ ಅಭ್ಯರ್ಥಿಗೆ ಚಿಹ್ನೆ ಸಿಕ್ಕ ಮೇಲೆ ಉಳಿದದ್ದು ಹದಿಮೂರೇ ದಿನ. ಕಮಲವನ್ನು ಯಾರಿಗೂ ಪರಿಚಯ ಮಾಡಿಸಬೇಕಾಗಿಲ್ಲ. ವಿಶಾಲ ಪಾಟೀಲರಿಗೆ ಸಿಕ್ಕದ್ದು ಲಕೋಟೆ. 2019ರಲ್ಲಿ ಅವರು ಸ್ವಾಭಿಮಾನಿ ಪಕ್ಷದಿಂದ ನಿಂತಾಗ ಚಿಹ್ನೆ ಬ್ಯಾಟ್ ಆಗಿತ್ತು, ಆದ್ದರಿಂದ ಹಳೆಯ ನೆನಪೂ ಕೆಲಸಕ್ಕೆ ಬಾರದು. ಮರಾಠಿಯಲ್ಲಿ ಅದು ಲಿಫಾಫಾ, ನಮ್ಮ ಮನೆಗಳಲ್ಲಿ ಕೆಲವರಿಗೆ ಲಕೋಟಿ, ಹೆಚ್ಚಿನವರಿಗೆ ಪಾಕೀಟು. ಹೆಸರಲ್ಲಿ ಮೂವರೂ ಪಾಟೀಲರೇ ಆದಾಗ ಓದುಬಾರದ ಅಜ್ಜಿಯೊಬ್ಬರಿಗೆ ಗುರುತಾಗುವುದು ಚಿತ್ರ ಮಾತ್ರ. ಹದಿಮೂರು ದಿನಗಳ ಮೊದಲ ಕೆಲಸ ಆ ಚಿತ್ರವನ್ನು ಉಮದಿ, ಸಂಖದವರೆಗೆ ಮುಟ್ಟಿಸುವುದಾಗಿತ್ತು.

ಎರಡನೆಯ ಕೆಲಸ ಇನ್ನೂ ಕಠಿಣ. ಪೈಪೋಟಿ ಮೂವರ ನಡುವೆ ಇಲ್ಲ, ಇಬ್ಬರ ನಡುವೆ ಇದೆ ಎಂದು ಜನರನ್ನು ನಂಬಿಸಬೇಕಿತ್ತು. ಈ ನಂಬಿಕೆ ಯಾಕೆ ಮುಖ್ಯ ಎಂಬುದಕ್ಕೆ 2019ರ ಅಂಕಿಗಳನ್ನು ನೋಡಿ. ಸಂಜಯಕಾಕಾ 5,08,995, ವಿಶಾಲ 3,44,643, ವಂಚಿತ ಬಹುಜನ ಆಘಾಡಿಯ ಗೋಪಿಚಂದ ಪಡಳಕರ 3,00,234. ಸೋತ ಇಬ್ಬರ ಮತ ಕೂಡಿಸಿದರೆ ಗೆದ್ದವರಿಗಿಂತ ಒಂದು ಲಕ್ಷಕ್ಕೂ ಹೆಚ್ಚು. 2024ರಲ್ಲಿ ಮೂರನೆಯವರಿಗೆ ಬಿದ್ದದ್ದು 60,860 ಮಾತ್ರ. ವಿಶಾಲ 5,71,666, ಸಂಜಯಕಾಕಾ 4,71,613. ಸಂಜಯಕಾಕಾ ಕಳೆದುಕೊಂಡದ್ದು ಸುಮಾರು 37 ಸಾವಿರ ಮತ. ಗೆಲುವಿನ ಅಂತರ ಒಂದು ಲಕ್ಷ. ಮಿಕ್ಕಿದ್ದೆಲ್ಲ ಮೂರನೆಯ ಜಾಗ ಬರಿದಾದದ್ದರಿಂದ ಬಂತು ಎಂದೇ ನಮ್ಮ ಅಂದಾಜು. ಮೈತ್ರಿಕೂಟದ ಅಧಿಕೃತ ಅಭ್ಯರ್ಥಿಯನ್ನು ಬಿಟ್ಟು ಕಾಂಗ್ರೆಸ್ ಕಾರ್ಯಕರ್ತರು ಲಕೋಟೆ ಹಿಡಿದು ಓಡಾಡಿದ್ದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಅಮೆರಿಕದಲ್ಲಿರುವ ನಮ್ಮ ಮಕ್ಕಳು ಅದೇ ವರ್ಷ ನವೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರ ಚುನಾವಣೆ ನೋಡಿದರು. ಅಲ್ಲಿಯೂ ಮೂರನೆಯವರಾಗಿದ್ದ ರಾಬರ್ಟ್ ಕೆನಡಿ ಆಗಸ್ಟ್‌ನಲ್ಲೇ ಹಿಂದೆ ಸರಿದು ಟ್ರಂಪ್ ಪಕ್ಕ ನಿಂತರು. ಕೊನೆಯ ವಾರಗಳಲ್ಲಿ ಇಬ್ಬರೂ ಪೆನ್ಸಿಲ್ವೇನಿಯಾದಂಥ ಏಳು ರಾಜ್ಯ ಬಿಟ್ಟು ಬೇರೆ ಕಡೆ ಹೆಚ್ಚು ಹೋಗಲಿಲ್ಲ. (ಅಲ್ಲಿ ಲಕೋಟೆಯೊಳಗೇ ಮತ ಹಾಕಿ ಅಂಚೆಗೆ ಕೊಡುತ್ತಾರೆ, ಅದು ಬೇರೆ ಮಾತು.) ಆದರೆ ನಮಗೆ ಅಲ್ಲಿಂದ ಕಲಿಯುವಂತಿರುವುದು ಇನ್ನೊಂದು ಸಂಗತಿ. ಒಂದು ಪ್ರದೇಶದಲ್ಲಿ ಇಂಗ್ಲಿಷ್ ಸಾಲದ ಒಂದೇ ಭಾಷೆಯ ಮತದಾರರು ಹತ್ತು ಸಾವಿರ ದಾಟಿದರೆ, ಅಥವಾ ಶೇ. 5 ದಾಟಿದರೆ, ಮತಪತ್ರ ಆ ಭಾಷೆಯಲ್ಲೂ ಇರಬೇಕೆಂಬ ಕಾನೂನು ಕೆಲವು ಭಾಷಾ ಸಮುದಾಯಗಳಿಗೆ ಅಲ್ಲಿ 1975ರಿಂದ ಇದೆ. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಹಿಂದಿಯ ಮತಪತ್ರವೂ ಸಿಗುತ್ತದೆ. ಅಲ್ಲಿ ಅಲ್ಪಸಂಖ್ಯಾತರ ಭಾಷೆ ಅಭ್ಯರ್ಥಿಯ ಔದಾರ್ಯಕ್ಕೆ ಬಿಟ್ಟದ್ದಲ್ಲ.

ನಮ್ಮಲ್ಲಿ ಅದು ಹೆಚ್ಚಾಗಿ ಅಭ್ಯರ್ಥಿಯ ಔದಾರ್ಯ. ಕೊನೆಯ ವಾರ ಬಂತೆಂದರೆ ಇಡೀ ವರ್ಷ ಮರಾಠಿಯಲ್ಲೇ ಮಾತಾಡಿದವರು ಬಾಗಿಲಿಗೆ ಬಂದು, "ಕಾಕಾರ, ಆರಾಮ ಅದೀರಿ? ಈ ಸಲ ನಮ್ಮ ಕಡೆ ಲಕ್ಷ್ಯ ಇರಲಿರಿ" ಅನ್ನುತ್ತಾರೆ. ಕೇಳಲು ಹಿತವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಕನ್ನಡ ಶಾಲೆಯ ಮಾತು ಎತ್ತಿದರೆ "ಆರಿಸಿ ಬರ್ಲಿರಿ, ನೋಡೂಣು" ಎಂಬ ಉತ್ತರವೂ ಕನ್ನಡದಲ್ಲೇ ಬರುತ್ತದೆ. 2024ರಲ್ಲಿ ಇನ್ನೂ ಒಂದು ತೊಡಕಿತ್ತು. ಚಿಕ್ಕೋಡಿ, ಬೆಳಗಾವಿ, ವಿಜಯಪುರಕ್ಕೂ ಮೇ 7ರಂದೇ ಮತದಾನ. ಆಚೆಯ ಕನ್ನಡ ನಾಯಕರಿಗೆ ತಮ್ಮ ಕ್ಷೇತ್ರವೇ ಹಾಸಿ ಹೊದೆಯುವಷ್ಟಿತ್ತು. ಪ್ರಧಾನಿ ಏಪ್ರಿಲ್ 27ಕ್ಕೆ ಕೊಲ್ಹಾಪುರ, 28ಕ್ಕೆ ಬೆಳಗಾವಿ, 29ಕ್ಕೆ ಸೋಲಾಪುರ ಎಂದು ನಮ್ಮ ಸುತ್ತಲೇ ಸಭೆ ಮಾಡಿದರು. ಗಡಿಯ ಪ್ರಶ್ನೆಗೆ ಎರಡೂ ಕಡೆಯವರನ್ನು ಒಟ್ಟಿಗೆ ಕೂಡಿಸಿ ಕೇಳುವ ಅವಕಾಶ ಮಾತ್ರ ಬರಲಿಲ್ಲ.

ಆಮೇಲೇನಾಯಿತು? ಜೂನ್ 4ರ ಫಲಿತಾಂಶದ ನಂತರ ವಿಶಾಲ ಪಾಟೀಲರು ಕಾಂಗ್ರೆಸ್ಸಿಗೆ ಬೆಂಬಲ ಕೊಟ್ಟರು. 99 ಸ್ಥಾನದ ಪಕ್ಷ ನೂರು ಎಂದು ಹೇಳಿಕೊಂಡಿತು. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿದರೆಂಬ ಸುದ್ದಿಯೂ ಅದೇ ವರ್ಷ ಬಂತು. ಒಂದನೆಯ ತರಗತಿಯ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಗುರುಗಳು ಕೂಡು-ಕಳೆ ಕಲಿಸಬೇಕು. ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ನವೆಂಬರಿನ ವಿಧಾನಸಭೆ ಚುನಾವಣೆಯಲ್ಲಿ ಮಿರಜ, ಸಾಂಗಲಿ, ಜತ್ತ ಮೂರೂ ಭಾಜಪಕ್ಕೆ ಹೋದವು. 2019ರಲ್ಲಿ ಮೂರನೆಯವರಾಗಿದ್ದ ಪಡಳಕರ ಈಗ ಜತ್ತದ ಶಾಸಕರು. ಗಾಳಿ ಆರು ತಿಂಗಳಲ್ಲಿ ತಿರುಗಿತು. ಶಾಲೆಯ ಪ್ರಶ್ನೆ ಅಲ್ಲೇ ಕೂತಿತ್ತು.

ಇದಕ್ಕೆ ಎದುರಾಗಿ ನೀರಿನ ಕತೆ ಇದೆ. ಜತ್ತದ ಹಳ್ಳಿಗಳು ಹಿಂದೆಯೇ ಕರ್ನಾಟಕ ಸೇರುವ ನಿರ್ಣಯ ಮಾಡಿದ್ದವೆಂದು 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದಾಗ ದೊಡ್ಡ ಗದ್ದಲವಾಯಿತು. ನಾವು ಆ ಗದ್ದಲದ ಪಕ್ಷ ಅಲ್ಲ. ಗಮನಿಸಬೇಕಾದ್ದು, ಆಗ ಜತ್ತದಲ್ಲಿ ವಿಧಾನಸಭೆ ಚುನಾವಣೆಯಾಗಲಿ ಲೋಕಸಭೆ ಚುನಾವಣೆಯಾಗಲಿ ಹತ್ತಿರ ಇರಲಿಲ್ಲ. ಹಳ್ಳಿಗಳು ಒಂದೇ ಪ್ರಶ್ನೆಯನ್ನು ಒಟ್ಟಾಗಿ ಕೇಳಿದ್ದವು. 65 ಹಳ್ಳಿಗಳಿಗೆ ನೀರು ಕೊಡುವ ವಿಸ್ತರಿತ ಮ್ಹೈಸಾಳ ಯೋಜನೆಯ ಕಡತಕ್ಕೆ ಮುಂಬಯಿಯಲ್ಲಿ ವೇಗ ಬಂದದ್ದು ಆಗಲೇ.

ಹಾಗಾಗಿ ಇನ್ನು ಮುಂದೆ ನಾವು ಅಭ್ಯರ್ಥಿಗಳ ಹದಿಮೂರು ದಿನಗಳಿಗೆ ಕಾಯುವುದು ಬೇಡ ಎಂದು ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮಾತಾಗಿದೆ. ಯಾರಿಗೆ ಮತ ಹಾಕಬೇಕೆಂದು ಸಂಘ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಚಿಹ್ನೆ ಹಂಚುವ ಮೊದಲೇ ಪಟ್ಟಿ ನಮ್ಮ ಕೈಯಲ್ಲಿರಬೇಕು. ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಊರಿನ ಕನ್ನಡ ಶಾಲೆಯ ಹೆಸರು, ಮಕ್ಕಳೆಷ್ಟು, ಶಿಕ್ಷಕರೆಷ್ಟು, ಅವರಲ್ಲಿ ಕನ್ನಡ ಬಲ್ಲವರೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ಮಿರಜದವರು ಪಾಲಿಕೆಯ ಶಾಲೆಗಳದ್ದನ್ನೂ ಸೇರಿಸಿ. ಪಾಕೀಟಿನಲ್ಲಿಟ್ಟು ತಂದರೂ ನಡೆದೀತು.