ಗಡುವಿನ ಅನುದಾನ, ಗಡುವಿಲ್ಲದ ವಿಚಾರಣೆ

2022ರ ಅಂತ್ಯಕ್ಕೆ ದೇಶದ ಕಾರಾಗೃಹಗಳಲ್ಲಿದ್ದ ಬಂದಿಗಳ ಸಂಖ್ಯೆ 5,73,220. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಸೆರೆಯಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲವೆಂದು ಇದರ ಅರ್ಥ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಇಂಥ ಅಂಕಿಅಂಶಗಳು ಪ್ರಕಟವಾದಾಗಲೆಲ್ಲ ಕೆಳಹಂತದ ನ್ಯಾಯಾಲಯಗಳಿಗೆ ಹಣ ಸಾಲದೆಂಬ ಕೂಗು ಏಳುತ್ತದೆ. ಆ ಕೂಗು ಸುಳ್ಳೇನಲ್ಲ. ಆದರೆ ಈ ಕಾಲು ಶತಮಾನದಲ್ಲಿ ಕೇಂದ್ರದಿಂದ ಹರಿದು ಬಂದ ಹಣದ ಜಾಡು ಹಿಡಿದು ಹೊರಟರೆ, ಅದರ ಮೊತ್ತಕ್ಕಿಂತಲೂ ಅದಕ್ಕೆ ಕಟ್ಟಿದ ಗಡುವೇ ಹೆಚ್ಚು ತೊಡಕು ತಂದಿರುವುದು ಗೋಚರಿಸುತ್ತದೆ.

ತ್ವರಿತ ನ್ಯಾಯಾಲಯಗಳ ಕಥೆಯನ್ನೇ ನೋಡಿ. ಹನ್ನೊಂದನೆಯ ಹಣಕಾಸು ಆಯೋಗದ ಶಿಫಾರಸಿನಂತೆ 2000ದಲ್ಲಿ 1,734 ತ್ವರಿತ ನ್ಯಾಯಾಲಯಗಳಿಗೆ 502.90 ಕೋಟಿ ರೂ. ಮಂಜೂರಾಯಿತು. ಭಾಗಿಸಿ ನೋಡಿದರೆ ಒಂದು ನ್ಯಾಯಾಲಯದ ಪಾಲಿಗೆ ಐದು ವರ್ಷಕ್ಕೆ 29 ಲಕ್ಷ ರೂ. ಮಾತ್ರ. ನಿವೃತ್ತ ನ್ಯಾಯಾಧೀಶರನ್ನೂ ತಾತ್ಕಾಲಿಕ ಬಡ್ತಿ ಪಡೆದವರನ್ನೂ ಕೂರಿಸಿ, ಬಹುಕಾಲದಿಂದ ಕೊಳೆಯುತ್ತಿದ್ದ ಸೆಷನ್ಸ್ ಪ್ರಕರಣಗಳನ್ನು ಅವರ ಮುಂದಿಡಲಾಯಿತು. ಫಲ ದೊರೆಯಲಿಲ್ಲವೆನ್ನುವಂತಿಲ್ಲ. 2011ರ ಹೊತ್ತಿಗೆ ಸುಮಾರು 33 ಲಕ್ಷ ಪ್ರಕರಣಗಳು ಇತ್ಯರ್ಥವಾಗಿದ್ದವು. 2005ರಲ್ಲಿಯೇ ಮುಗಿಯಬೇಕಿದ್ದ ಯೋಜನೆ ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದಿಂದ ಉಸಿರು ಹಿಡಿದುಕೊಂಡಿತ್ತು. ಕೊನೆಗೆ 2011ರ ಮಾರ್ಚ್ 31ರಂದು ಕೇಂದ್ರವು ತನ್ನ ನೆರವನ್ನು ನಿಲ್ಲಿಸಿತು.

ಮುಂದೇನು? ಕೆಲವು ರಾಜ್ಯಗಳು ಸ್ವಂತ ಖರ್ಚಿನಲ್ಲಿ ಮುಂದುವರಿಸಿದವು, ಕೆಲವು ಬಾಗಿಲು ಹಾಕಿದವು. ದಶಕದ ಕಾಲ ಸೇವೆ ಸಲ್ಲಿಸಿದ ತಾತ್ಕಾಲಿಕ ನ್ಯಾಯಾಧೀಶರು ತಾವೇ ಕಕ್ಷಿದಾರರಾಗಿ ನ್ಯಾಯಾಲಯದ ಮೆಟ್ಟಿಲೇರಿದರು! ಬ್ರಿಜ್ ಮೋಹನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ನೀಡಿದ ತೀರ್ಪು, ತಾತ್ಕಾಲಿಕ ಏರ್ಪಾಡುಗಳಿಗೆ ಬದಲಾಗಿ ಅಧೀನ ನ್ಯಾಯಾಂಗದಲ್ಲಿ ಶೇ. 10ರಷ್ಟು ಹೆಚ್ಚುವರಿ ಹುದ್ದೆಗಳನ್ನು ಸೃಜಿಸುವಂತೆ ನಿರ್ದೇಶಿಸಿತು. ರೋಗಕ್ಕೆ ತಕ್ಕ ಮದ್ದನ್ನು ಹೇಳಿದ್ದು ಆ ತೀರ್ಪೇ.

ಹದಿಮೂರನೆಯ ಹಣಕಾಸು ಆಯೋಗವು ಕೃಪಣತನ ತೋರಲಿಲ್ಲ. 2010ರಿಂದ 2015ರ ಅವಧಿಗೆ ನ್ಯಾಯದಾನ ಸುಧಾರಣೆಗೆಂದೇ 5,000 ಕೋಟಿ ರೂ. ತೆಗೆದಿರಿಸಿತು. ಇದರ ಅರ್ಧ, ಅಂದರೆ 2,500 ಕೋಟಿ, ಬೆಳಗಿನ ಮತ್ತು ಸಂಜೆಯ ನ್ಯಾಯಾಲಯಗಳಿಗೆ ಮೀಸಲು. ಸರ್ಕಾರಿ ಅಭಿಯೋಜಕರ ತರಬೇತಿಗೆ 150 ಕೋಟಿ, ಪಾರಂಪರಿಕ ನ್ಯಾಯಾಲಯ ಕಟ್ಟಡಗಳ ಜೀರ್ಣೋದ್ಧಾರಕ್ಕೆ 450 ಕೋಟಿ. ಆರೋಪಿಯ ವಿರುದ್ಧ ವಾದಿಸಬೇಕಾದವರಿಗಿಂತ ಹಳೆಯ ಗೋಡೆಗಳಿಗೆ ಮೂರು ಪಟ್ಟು ಎಂಬುದನ್ನು ಓದುಗರು ಗಮನಿಸಬೇಕು. ಇಷ್ಟಾಗಿಯೂ ಐದು ವರ್ಷಗಳಲ್ಲಿ ಖರ್ಚಾದದ್ದು ಹೆಚ್ಚುಕಡಿಮೆ ಐದನೆಯ ಒಂದು ಭಾಗ ಮಾತ್ರ. ಹಗಲಿಡೀ ದುಡಿದ ವಕೀಲರೂ ಗುಮಾಸ್ತರೂ ಸಂಜೆಯ ಪಾಳಿಗೆ ಒಪ್ಪಲಿಲ್ಲ. ಇರುವ ಹುದ್ದೆಗಳನ್ನೇ ಭರ್ತಿ ಮಾಡಲಾಗದ ಕಡೆ ಎರಡನೆಯ ಪಾಳಿಗೆ ಜನ ಎಲ್ಲಿಂದ ಬರಬೇಕು?

ಅದೇ ಜಾಡಿನಲ್ಲಿ 2019ರಲ್ಲಿ ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳಿಗಾಗಿ 1,023 ತ್ವರಿತ ವಿಶೇಷ ನ್ಯಾಯಾಲಯಗಳ ಯೋಜನೆ ನಿರ್ಭಯಾ ನಿಧಿಯ ನೆರವಿನೊಂದಿಗೆ ಬಂತು. ಆರಂಭದಲ್ಲಿ ಒಂದು ವರ್ಷ, ಬಳಿಕ 2023ರ ಮಾರ್ಚ್‌ವರೆಗೆ, ಮತ್ತೆ 1,952.23 ಕೋಟಿ ರೂ. ವೆಚ್ಚದಲ್ಲಿ 2026ರ ಮಾರ್ಚ್‌ವರೆಗೆ ಎಂದು ಗಡುವು ಜಗ್ಗುತ್ತ ಹೋಯಿತು. ಒಬ್ಬ ನ್ಯಾಯಾಧೀಶರು, ಏಳು ಸಿಬ್ಬಂದಿ, ವರ್ಷಕ್ಕೆ 165 ಪ್ರಕರಣಗಳ ವಿಲೇವಾರಿ: ಇದು ಲೆಕ್ಕಾಚಾರ. ಮಂಜೂರಾದ ನ್ಯಾಯಾಲಯಗಳಲ್ಲಿ ಕಾರ್ಯಾರಂಭ ಮಾಡಿದ್ದು ಸುಮಾರು 750.

ಈ ಲೆಕ್ಕಾಚಾರದಲ್ಲಿ ನ್ಯಾಯಾಲಯದ ಹೊಸ್ತಿಲಿನಾಚೆಯ ಸಂಗತಿಗಳಿಗೆ ಸ್ಥಾನವಿಲ್ಲ. ಸಮನ್ಸ್ ತಲುಪಿಸಬೇಕಾದ ಪೇದೆ ಬಂದೋಬಸ್ತಿಗೆ ಹೋಗಿದ್ದರೆ ಸಾಕ್ಷಿ ಬರುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಾರದಿದ್ದರೆ ವಿಶೇಷ ನ್ಯಾಯಾಧೀಶರೂ ದಿನಾಂಕ ಮುಂದೂಡಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡುವುದನ್ನು ಕಡ್ಡಾಯಗೊಳಿಸಿದೆ. ಅಣಿಯಾಗಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ನಮ್ಮಲ್ಲಿ ಮಡಿವಾಳದ ಪ್ರಯೋಗಾಲಯದ ಜೊತೆಗೆ ಮೈಸೂರು, ಮಂಗಳೂರು, ಬೆಳಗಾವಿ, ದಾವಣಗೆರೆ, ಕಲಬುರಗಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಅಪರಾಧ ನಡೆದ ಪ್ರತಿ ತಾಲ್ಲೂಕಿಗೂ ಅಲ್ಲಿಂದ ತಜ್ಞರು ಧಾವಿಸಬೇಕಾದರೆ ಬೇಕಾಗುವುದು ಕಾಯಂ ಹುದ್ದೆ ಮತ್ತು ಪ್ರತಿ ತಿಂಗಳ ಸಂಬಳ.

ರಾಜ್ಯಗಳು ಹಿಂಜರಿಯುವುದೂ ಇಲ್ಲಿಯೇ. ಗ್ರಾಮ ನ್ಯಾಯಾಲಯಗಳಿಗೆ ಕೇಂದ್ರವು ಒಂದು ಬಾರಿಗೆ 18 ಲಕ್ಷ ರೂ., ಬಳಿಕ ಮೂರು ವರ್ಷ ಮಾತ್ರ ವರ್ಷಕ್ಕೆ 3.20 ಲಕ್ಷದವರೆಗೆ ನೀಡುವ ಏರ್ಪಾಡು ಮಾಡಿತ್ತು. ನಾಲ್ಕನೆಯ ವರ್ಷದ ಹೊರೆಯನ್ನು ನೆನೆದು ಹಲವು ರಾಜ್ಯಗಳು ಮೊದಲ ವರ್ಷದ ಹಣವನ್ನೇ ಕೇಳಲಿಲ್ಲ. ವಿಧಾನಸೌಧದ ಆಯವ್ಯಯ ಚರ್ಚೆಯಲ್ಲಿ ಶಾಸಕರು ಹೊಸ ನ್ಯಾಯಾಲಯ ಸಂಕೀರ್ಣಗಳ ಪಟ್ಟಿ ಕೇಳುವುದುಂಟು. ಅಭಿಯೋಜಕರ, ಶೀಘ್ರಲಿಪಿಕಾರರ, ಪ್ರಯೋಗಾಲಯ ತಜ್ಞರ ಎಷ್ಟು ಹುದ್ದೆಗಳು ಖಾಲಿಯಿವೆ, ಅವುಗಳ ವೇತನವನ್ನು ಯಾವ ಶೀರ್ಷಿಕೆಯಡಿ ತೋರಿಸಲಾಗಿದೆ ಎಂದೂ ಅದೇ ಉಸಿರಿನಲ್ಲಿ ಕೇಳಲಿ.